ಎಡಗಡೆ ಸೀಟಿನ ಚಾಲಕ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮ ಜಗಳ ಹುಟ್ಟಿದ್ದೇ ನನ್ನ ಗಂಡ ಉಂಡು ಮಲಗಿದ್ದರಿಂದ. ಮಲಗಿದ್ದು ಮನೆಯಲ್ಲಿ ಅಲ್ಲ. ಅಮೀನಗಡ ದಾಟಿ ಹುನಗುಂದಕ್ಕೆ ಹೋಗುವ ರಸ್ತೆಯಲ್ಲಿ, ಓಡುತ್ತಿದ್ದ ಕಾರಿನ ಎಡಗಡೆ ಸೀಟಿನಲ್ಲಿ, ಮದುವೆಮನೆಯ ಗೋಧಿ ಹುಗ್ಗಿಗೆ ತುಪ್ಪ ಮೇಲಿಂದ ಮೇಲೆ ಹಾಕಿಸಿಕೊಂಡ ಪುಣ್ಯದಿಂದ. ಬಲಗಡೆ ಸೀಟಿನಲ್ಲಿ ಸ್ಟೇರಿಂಗ್ ಹಿಡಿದು ಎಚ್ಚರವಾಗಿ ಕೂತಿದ್ದವಳು ನಾನು. ಗಾಡಿ ಓಡಿಸುತ್ತಿದ್ದವಳು ನಾನು, ಡಿಕ್ಕಿಯಲ್ಲಿ ತಪ್ಪು ನನ್ನದಲ್ಲ. ಇಷ್ಟೇ ಇಷ್ಟು ಮಾತನ್ನು ಸರಕಾರಿ ಕಾಗದದ ಮೇಲೆ ಬರೆಸಲು ನನಗೆ ಒಂದು ಇಡೀ ಬೇಸಿಗೆ ಬೇಕಾಯಿತು. ಅದಕ್ಕೆ ಅಡ್ಡ ಬಂದವರು ಎದುರು ಪಾರ್ಟಿಯವರಲ್ಲ, ಪೊಲೀಸರೂ ಅಲ್ಲ. ಅಡ್ಡ ಬಂದದ್ದು ನನ್ನ ಗಂಡನ ಒಳ್ಳೆಯತನ.

ನಾನು ಇಳಕಲ್ಲಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ಅಕ್ಕೋರು. ಅವರು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಕಾರು ನನ್ನ ಹೆಸರಿನಲ್ಲಿದೆ, ದೂರದ ಊರಿಗೆ ಅದನ್ನು ಓಡಿಸುವವಳೂ ನಾನೇ. ಅವರಿಗೆ ಓಡಿಸಲು ಬರುವುದಿಲ್ಲ ಎಂದಲ್ಲ. ಎದುರಿಗೆ ಗ್ರಾನೈಟ್ ಕಲ್ಲು ಹೇರಿದ ಲಾರಿ ಬಂದರೆ ಕಣ್ಣು ಮುಚ್ಚಿ ದೇವರನ್ನು ನೆನೆಯುವ ಅಭ್ಯಾಸ ಅವರಿಗೆ. ಭಕ್ತಿ ದೊಡ್ಡದೇ, ಆದರೆ ನಮ್ಮ ಕಡೆಯ ರಸ್ತೆಯಲ್ಲಿ ಅಂಥ ಲಾರಿಗಳೂ ಬಹಳ. ಹಾಗಾಗಿ ಕಾರು ತಂದ ಹೊಸತರಲ್ಲೇ ನಮ್ಮೊಳಗೆ ಒಂದು ಒಪ್ಪಂದವಾಯಿತು. ಊರ ಹೊರಗೆ ನಾನು, ಊರ ಒಳಗೆ ಅವರು. ಹೋಗಬೇಕಾದ ಊರು ಇನ್ನೇನು ಬಂತು ಎನ್ನುವಾಗ ಗಾಡಿಯನ್ನು ಗಿಡದ ನೆರಳಿಗೆ ನಿಲ್ಲಿಸುತ್ತೇನೆ. ಇಬ್ಬರೂ ಇಳಿದು, ಕಾಲು ಜಾಡಿಸಿಕೊಂಡಂತೆ ಮಾಡಿ, ಸೀಟು ಬದಲಿಸುತ್ತೇವೆ. ನೆಂಟರ ಬಾಗಿಲಿಗೆ ಅವರು ಹಾರ್ನ್ ಬಾರಿಸುತ್ತ ಬಂದು ಇಳಿಯುತ್ತಾರೆ. ನೆಂಟರು "ದಣಿವಾಗಿರಬೇಕು, ಅಲ್ಲಿಂದ ಗಾಡಿ ಹೊಡಕೊಂಡು ಬಂದೀರಿ" ಎಂದು ಅವರಿಗೆ ಮೊದಲು ನೀರು ಕೊಡುತ್ತಾರೆ. ನನ್ನನ್ನು ಅಡಿಗೆಮನೆಗೆ ಕರೆಯುತ್ತಾರೆ, ಕೂತು ಕೂತು ಬಂದವಳಲ್ಲವೇ.

ಹೀಗೆ ಮಾಡುವವರು ನಾವಿಬ್ಬರೇ ಎಂದು ಬಹಳ ದಿನ ತಿಳಿದಿದ್ದೆ. ಒಮ್ಮೆ ಬಾದಾಮಿಗೆ ಹೋಗುವಾಗ ನಾವು ನಿಲ್ಲುವ ಬೇವಿನ ಗಿಡದ ಕೆಳಗೆ ಇನ್ನೊಂದು ಕಾರು ನಿಂತಿತ್ತು. ಎಡಗಡೆಯಿಂದ ಗಂಡ ಇಳಿದ, ಬಲಗಡೆಯಿಂದ ಹೆಂಡತಿ. ನಾಲ್ಕೂ ಜನ ಆಕಾಶ ನೋಡಿದೆವು. ಅವರು ಹೋಗುವ ತನಕ ಕಾದು, ಆಮೇಲೆ ನಾವು ಬದಲಿಸಿದೆವು.

ಆ ದಿನ ಬಾಗಲಕೋಟೆಯಲ್ಲಿ ಅವರ ಕಡೆಯ ಮದುವೆ. ಕಲ್ಯಾಣ ಮಂಟಪದ ಗೇಟಿನಿಂದ ಹೊರಡುವಾಗ ಸ್ಟೇರಿಂಗಿನಲ್ಲಿ ಅವರೇ ಇದ್ದರು. ಅಷ್ಟೂ ನೆಂಟರು ಕೈ ಬೀಸಿದರು, ಮದುವೆಯ ವಿಡಿಯೋದವನು ಅದನ್ನೂ ಹಿಡಿದುಕೊಂಡ. ಊರ ಅಂಚು ದಾಟಿದ ಮೇಲೆ ಸೀಟು ಬದಲಾಯಿತು. ಅಮೀನಗಡದಲ್ಲಿ ನಾನೊಬ್ಬಳೇ ಇಳಿದು ಕರದಂಟು ಕೊಂಡೆ. ಅವರ ಗೊರಕೆ ಅದಾಗಲೇ ಲಯ ಹಿಡಿದಿತ್ತು.

ಅಮೀನಗಡ ಬಿಟ್ಟು ಸ್ವಲ್ಪ ದೂರ ಹೋಗಿದ್ದೆವು. ಎಡಗಡೆ ಜಾಲಿ ಕಂಟಿಗಳ ಮರೆಯಿಂದ ಒಂದು ಒಳರಸ್ತೆ ಬಂದು ದೊಡ್ಡ ರಸ್ತೆಗೆ ಸೇರುತ್ತದೆ. ಕೂಡು ರಸ್ತೆ ಎಂದು ಹಾರ್ನ್ ಮಾಡಿದೆ, ವೇಗವನ್ನೂ ಇಳಿಸಿದೆ. ಆ ಒಳರಸ್ತೆಯಿಂದ ಎತ್ತರದ ಬೂದುಬಣ್ಣದ ಗಾಡಿಯೊಂದು ನಿಲ್ಲದೆ, ತಿರುಗಿ ನೋಡದೆ ನೇರವಾಗಿ ಬಂದೇಬಿಟ್ಟಿತು. ಬ್ರೇಕ್ ಹಾಕಿದರೆ ಅದರ ಮೂತಿ ಬಂದು ಬಡಿಯುವ ಜಾಗದಲ್ಲಿ ನನ್ನ ಗಂಡನ ಬಾಗಿಲು ಇರುತ್ತದೆ ಎಂದು ಆ ಕ್ಷಣದಲ್ಲಿ ಹೇಗೆ ತಿಳಿಯಿತೋ ತಿಳಿಯದು. ಎದುರು ರಸ್ತೆ ಖಾಲಿ ಇತ್ತು. ಸ್ಟೇರಿಂಗನ್ನು ಬಲಕ್ಕೆ ಎಳೆದು ಅಕ್ಸಿಲರೇಟರ್ ಒತ್ತಿದೆ. ಆ ಗಾಡಿ ಬಂದು ಹಿಂದಿನ ಬಾಗಿಲಿಗೆ, ಎರಡು ಬಾಗಿಲು ಕೂಡುವ ಕಂಬಕ್ಕೆ ಬಡಿಯಿತು. ನಾವು ಅರ್ಧ ಸುತ್ತು ತಿರುಗಿ ನಿಂತೆವು. ನನಗೆ ಗೀರೂ ಬೀಳಲಿಲ್ಲ. ಅವರ ಎಡಭುಜದ ಎಲುಬು ಮುರಿದಿತ್ತು.

ಅಪಘಾತವಾದ ಮೇಲೆ ಮುಂದೇನು ಮಾಡಬೇಕು ಎಂಬುದಕ್ಕೆ ಕಾನೂನು ಒಂದು ದಾರಿ ಹೇಳುತ್ತದೆ. ಗಾಡಿಗಳನ್ನು ಇದ್ದಲ್ಲೇ ಬಿಟ್ಟು ಫೋಟೋ ತೆಗೆಯಬೇಕು, ಗಾಯವಾದವರನ್ನು ದವಾಖಾನೆಗೆ ಸಾಗಿಸಬೇಕು, ಪೊಲೀಸರಿಗೆ ತಿಳಿಸಬೇಕು, ವಿಮೆಯವರಿಗೆ ತಿಳಿಸಬೇಕು. ನಮ್ಮ ಮಂದಿಯ ದಾರಿಯೇ ಬೇರೆ. ಎಲ್ಲಿಂದಲೋ ಹುಟ್ಟಿ ಬಂದ ಹತ್ತು ಮಂದಿ ಮೊದಲು ನೀರು ಕುಡಿಸುತ್ತಾರೆ, ಆಮೇಲೆ ಗಾಡಿಗಳನ್ನು ಎತ್ತಿ ಬದಿಗಿಟ್ಟು ಬಸ್ಸಿಗೆ ದಾರಿ ಮಾಡುತ್ತಾರೆ, ಆಮೇಲೆ ತೀರ್ಪು ಕೊಡುತ್ತಾರೆ. ಆವತ್ತು ಬಂದ ಮಂದಿ ಗಾಡಿಗೆ ಕೈ ಹಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕಾರು ಫೋಟೋ ಹೊಡೆದುಕೊಂಡೆ. ಗಂಡ ನರಳುತ್ತಿರುವಾಗ ಫೋಟೋ ತೆಗೆಯುವ ಹೆಂಗಸನ್ನು ಆ ಮಂದಿ ಹಿಂದೆ ನೋಡಿರಲಿಕ್ಕಿಲ್ಲ.

"ಯಾರ್ ಹೊಡ್ಯಾಕತ್ತಿದ್ರು?" ಎಂದು ಹೆಗಲ ಮೇಲೆ ಟವೆಲ್ ಹಾಕಿಕೊಂಡ ಹಿರಿಯನೊಬ್ಬ ಕೇಳಿದ.

"ನಾ ಹೊಡ್ಯಾಕತ್ತಿದ್ದೆ," ಎಂದೆ.

"ಹೆಣ್ಣಮಗಳು ಹೊಡ್ಯಾಕತ್ತಿದ್ಲಂತ! ಹಂಗಾರ ಮುಗೀತ್ ಬಿಡ್ರಿ."

ನಮ್ಮ ಕಡೆ ಎರಡು ಗಾಡಿ ಬಡಿದರೆ ದೊಡ್ಡ ಗಾಡಿಯವನದು ತಪ್ಪು ಎಂಬುದು ಹಳೆಯ ಕಾಯಿದೆ. ಸೈಕಲ್ಲಿಗೆ ಮೋಟರ್‌ಸೈಕಲ್ ಬಡಿದರೆ ಮೋಟರ್‌ಸೈಕಲ್ಲಿನದು, ಮೋಟರ್‌ಸೈಕಲ್ಲಿಗೆ ಕಾರು ಬಡಿದರೆ ಕಾರಿನದು. ಯಾರು ಎಲ್ಲಿಂದ ಬಂದರು ಎಂದು ಯಾರೂ ಕೇಳುವುದಿಲ್ಲ, ತಕ್ಕಡಿ ಇದ್ದರೆ ಸಾಕು. ಆ ಲೆಕ್ಕದಲ್ಲೂ ಆ ದಿನ ನಾನೇ ಗೆಲ್ಲಬೇಕಿತ್ತು. ಆದರೆ ಆ ಕಾಯಿದೆಗೂ ಮೇಲೆ ಇನ್ನೊಂದು ಕಾಯಿದೆ ಇದೆ ಎಂದು ನನಗೆ ಅಲ್ಲಿಯೇ ಗೊತ್ತಾಯಿತು. ಬೂದುಬಣ್ಣದ ಗಾಡಿಯಿಂದ ಇಳಿದವನು ಒಬ್ಬ ಗ್ರಾನೈಟ್ ಪಾಲಿಶ್ ಕಾರ್ಖಾನೆಯ ಮಾಲೀಕ. ಇಳಿದ ಕೂಡಲೇ ನನ್ನ ಹತ್ತಿರ ಬಂದು, "ತಪ್ಪಾತ್ರಿ, ಫೋನಿನ್ಯಾಗಿದ್ದೆ, ನೀವು ಬಂದದ್ದು ಕಾಣಲಿಲ್ಲ" ಎಂದಿದ್ದ. ಹಿರಿಯನ ತೀರ್ಪು ಕಿವಿಗೆ ಬಿದ್ದ ಮೇಲೆ ಅವನ ಬೆನ್ನು ನೆಟ್ಟಗಾಯಿತು. ಅವನು ತನ್ನ ಗಾಡಿಯ ಮುಂದಿನ ಗಾಯ ನೋಡಿಕೊಂಡು ಚ್ಚು ಚ್ಚು ಎನ್ನತೊಡಗಿದ.

ಅಷ್ಟರಲ್ಲಿ ನನ್ನ ಗಂಡ ಪೂರ್ತಿ ಎಚ್ಚರಾದರು. ಸುತ್ತ ನಿಂತ ಮಂದಿಯನ್ನು ನೋಡಿದರು, ನನ್ನನ್ನು ನೋಡಿದರು, ಹಿರಿಯನ ಮಾತನ್ನೂ ಕೇಳಿಸಿಕೊಂಡರು. ನೋವಿನಲ್ಲೇ ಬಲಗೈ ಮೇಲೆತ್ತಿ, "ಏ, ಆಕಿ ಅಲ್ಲ. ಗಾಡಿ ನಾನ ಹೊಡ್ಯಾಕತ್ತಿದ್ದೆ" ಎಂದರು.

ಖರೆ ಹೇಳುತ್ತೇನೆ, ಆ ಒಂದು ಗಳಿಗೆ ನನ್ನ ಕಣ್ಣು ತುಂಬಿ ಬಂತು. ಭುಜ ಮುರಿದುಕೊಂಡ ಮನುಷ್ಯ ನನ್ನ ಪರವಾಗಿ ಬೈಗುಳ ತಿನ್ನಲು ತಯಾರಾಗಿದ್ದಾನೆ ಎಂದುಕೊಂಡೆ. ಎಡಗಡೆ ಸೀಟಿನಲ್ಲಿ, ಬೆಲ್ಟ್ ಕಟ್ಟಿಕೊಂಡು ಕೂತಿದ್ದಂತೆಯೇ ಹಾಗೆಂದ ಅವರ ಮಾತನ್ನು ಅಷ್ಟೂ ಮಂದಿ ನಂಬಿಬಿಟ್ಟರು. ಹಿರಿಯ ತಲೆಯಾಡಿಸಿದ. "ಯಜಮಾನ್ರು ಹೊಡ್ಯಾಕತ್ತಿದ್ರಂತ. ಹಂಗಾರ ನೋಡೂಣು, ತಪ್ಪು ಯಾರ್ದಂತ."

ದವಾಖಾನೆಯಿಂದ ಪೊಲೀಸರಿಗೆ ಸುದ್ದಿ ಹೋಗಿ, ಹೇಳಿಕೆ ಬರೆದುಕೊಳ್ಳಲು ಹವಾಲ್ದಾರರು ಬಂದರು. ಒಳ್ಳೆಯ ಮನುಷ್ಯ, ಕುರ್ಚಿಯನ್ನು ಹಾಸಿಗೆಯ ಹತ್ತಿರ ಎಳೆದುಕೊಂಡು ಕೂತರು. ನಾನು ಹೇಳಲು ಬಾಯಿ ತೆರೆದೆ. ಅವರು ಪೆನ್ನು ಎತ್ತಿ ನನ್ನನ್ನು ತಡೆದು, "ಅಕ್ಕೋರ, ನೀವು ಗಾಬರಿ ಆಗೀರಿ. ಯಜಮಾನ್ರು ಹೇಳ್ಲಿ" ಎಂದರು. ಗಾಬರಿಯಾಗದ ಯಜಮಾನರು ಹೇಳಿದರು. ಅಪಘಾತದ ಉದ್ದಕ್ಕೂ ಗೊರಕೆ ಹೊಡೆದವರು ಅದನ್ನು ಎಷ್ಟು ಚೆಂದ ಕಂಡಿದ್ದರೆಂದರೆ ಕೇಳುತ್ತ ಕೇಳುತ್ತ ನನಗೇ ಅನುಮಾನ ಬಂತು. ರಸ್ತೆ ಹೇಗಿತ್ತು, ಬಿಸಿಲು ಹೇಗಿತ್ತು, ಆ ಗಾಡಿ ಹೇಗೆ ನುಗ್ಗಿತು ಎಲ್ಲ ಹೇಳಿದರು. ಕೊನೆಗೆ ಕಥೆಗೆ ಕಳೆ ಬರಲೆಂದು, "ಅದು ಕಂಡ ಕೂಡಲೇ ನಾ ಜೋರಾಗಿ ಬ್ರೇಕ್ ಹೊಡದ್ನಿರಿ" ಎಂದು ಸೇರಿಸಿದರು. ಹವಾಲ್ದಾರರು ಅದನ್ನು ಶುದ್ಧ ಕನ್ನಡದಲ್ಲಿ ಬರೆದುಕೊಂಡು ಸಹಿ ಮಾಡಿಸಿದರು. ನಾನು ಮತ್ತೊಮ್ಮೆ, "ಗಾಡಿ ಹೊಡೆದಾಕಿ ನಾನರಿ" ಎಂದೆ. ಅವರು ನನ್ನತ್ತ ಕನಿಕರದಿಂದ ನೋಡಿ ಸಿಸ್ಟರ್‌ಗೆ, "ಈ ಅಕ್ಕೋರಿಗೂ ಒಮ್ಮೆ ಬೀಪಿ ನೋಡ್ರಿ" ಎಂದು ಹೇಳಿ ಹೋದರು.

ಎಫ್‌ಐಆರ್‌ನಲ್ಲಿ ನಾನು ಒಂದೇ ಕಡೆ ಬರುತ್ತೇನೆ. "ಪಕ್ಕದಲ್ಲಿ ಕುಳಿತಿದ್ದ ಪಿರ್ಯಾದಿಯ ಹೆಂಡತಿಗೆ ಯಾವುದೇ ಗಾಯಗಳಾಗಿರುವುದಿಲ್ಲ."

ಬಾಗಲಕೋಟೆಯ ಎಲುಬಿನ ಡಾಕ್ಟರರು ಭುಜಕ್ಕೆ ಪಟ್ಟಿ ಹಾಕಿ ಮನೆಗೆ ಕಳಿಸಿದರು. "ಯಾಕ ಹಿಂಗ ಮಾಡಿದ್ರಿ?" ಎಂದು ಮನೆಯಲ್ಲಿ ಕೇಳಿದೆ.

"ಹೆಣ್ಣಮಕ್ಕಳು ಠಾಣಾದ ಮೆಟ್ಟಲಾ ಹತ್ತೂದು ನಮ್ಮ ಮನಿತನದಾಗ ಇಲ್ಲ. ನಿನಗ ತ್ರಾಸ ಆಗಬಾರದಂತ ಮಾಡೇನಿ," ಎಂದರು. ಇಂಥ ಗಂಡನನ್ನು ಪಡೆಯಲು ಏಳು ಜನ್ಮದ ಪುಣ್ಯ ಬೇಕು ಎಂದು ನೋಡಲು ಬಂದವರೆಲ್ಲ ಹೇಳಿದರು. ಕಚೇರಿಯವರು ಬಂದರು, ಓಣಿಯವರು ಬಂದರು, "ಶರಣ್ರಿ" ಎಂದು ಬಂದವರಿಗೆಲ್ಲ ನಾನು ಚಹಾ ಮಾಡಿದೆ. ಪ್ರತಿ ಚಹಾದ ಜೊತೆಗೂ ಅವರ ಬ್ರೇಕು ಇನ್ನಷ್ಟು ಜೋರಾಗುತ್ತ ಹೋಯಿತು.

ಪುಣ್ಯದ ಫಲ ಬೇಗ ಕೈಗೆ ಬಂತು. ಠಾಣೆಯಿಂದ ಫೋನು: ಗಾಡಿಯ ಕಾಗದ ಮತ್ತು ಚಾಲಕರ ಲೈಸನ್ಸ್ ತಂದು ತೋರಿಸಬೇಕು. ಅವರು ಕಪಾಟಿನ ತಳದಿಂದ ತಮ್ಮ ಲೈಸನ್ಸ್ ತೆಗೆದರು. ಅದರ ಅವಧಿ ಮುಗಿದು ಬಹಳ ಕಾಲವಾಗಿತ್ತು. ಊರ ಗಿಡದಿಂದ ನೆಂಟರ ಬಾಗಿಲ ತನಕ ಓಡಿಸುವವರಿಗೆ ಅದನ್ನು ಯಾರು ಕೇಳುತ್ತಾರೆ? ಈಗ ಕೇಳಿದರು. ನನ್ನ ಲೈಸನ್ಸ್ ಊರ್ಜಿತವಾಗಿ ಪರ್ಸಿನಲ್ಲಿ ಬಿದ್ದುಕೊಂಡಿತ್ತು. ಅದನ್ನು ಯಾರೂ ಕೇಳಲಿಲ್ಲ.

ಈ ಸುದ್ದಿ ಗ್ರಾನೈಟ್ ಮಾಲೀಕನನ್ನು ಮುಟ್ಟಲು ತಡವಾಗಲಿಲ್ಲ. ಅವನು ಇಬ್ಬರು ಹಿರಿಯರನ್ನು ಕರೆದುಕೊಂಡು ಮನೆಗೆ ಬಂದ. ಸೇಬು ತಂದಿದ್ದ. ನನ್ನ ಗಂಡನ ಎದುರು ಕೂತು ಬಹಳ ಮರ್ಯಾದೆಯಿಂದ ಮಾತಾಡಿದ.

"ಸರ, ಇಬ್ಬರೂ ದೊಡ್ಡ ಮಂದಿ, ಕೋರ್ಟು ಕಚೇರಿ ಯಾಕ್ರಿ? ಲೈಸನ್ಸ್ ಇಲ್ಲದ ನೀವು ಗಾಡಿ ಹೊಡ್ಯಾಕತ್ತಿದ್ರಿ. ನಾ ರಸ್ತಾಕ್ಕ ಬರೂ ಹೊತ್ತಿಗೆ ನನ್ನ ಮುಂದನ ಗಕ್ಕನ ಬ್ರೇಕ್ ಹೊಡದ್ರಿ. ನೀವ ಬರಸೀರಿ. ನೀವು ನಿಂತಿದ್ದಕ್ಕ ಬಡೀತ್ರಿ, ಇಲ್ಲಂದ್ರ ದಾಟಿ ಹೋಗ್ತಿದ್ರಿ. ನಾ ಎದುರು ಕೇಸ್ ಹಾಕಿದ್ನಿ ಅಂದ್ರ ನಿಮ್ಮ ನೌಕರಿಗೆ ತ್ರಾಸ. ನೀವೂ ಬಿಡ್ರಿ, ನಾನೂ ಬಿಡ್ತೇನಿ."

"ಏ, ಹೌದ್ರಿ, ರಾಜಿ ಆಗ್ರಿ," ಎಂದರು ಹಿರಿಯರು. ಅವರಿಗೆ ರಾಜಿಯಾಗದ ವಿಷಯವೇ ಈ ಜಗತ್ತಿನಲ್ಲಿ ಇಲ್ಲ. ತಪ್ಪು ಯಾರದು ಎಂದು ಕೇಳುವವರು ಅವರ ಕಣ್ಣಿನಲ್ಲಿ ಜಗಳಗಂಟರು.

ನಾನು ಬಾಗಿಲಲ್ಲಿ ನಿಂತು, "ಆ ದಿನ ಫೋನಿನ್ಯಾಗಿದ್ದೆ, ಕಾಣಲಿಲ್ಲ ಅಂದಿದ್ರಲ್ರಿ?" ಎಂದೆ.

ಅವನು ನನ್ನತ್ತ ನೋಡಲಿಲ್ಲ. ನನ್ನ ಗಂಡನಿಗೇ, "ಅಕ್ಕಾರು ಆವತ್ತು ಗಾಬರಿ ಆಗಿದ್ರು, ಪಾಪ" ಎಂದ. ನನ್ನ ಗಾಬರಿ ಅಷ್ಟರಲ್ಲಿ ಜಿಲ್ಲೆಗೇ ಗೊತ್ತಾಗಿಹೋಗಿತ್ತು.

ಮರುದಿನ ಹುನಗುಂದದ ವಕೀಲರೊಬ್ಬರಲ್ಲಿಗೆ ಅವರನ್ನು ಎಳೆದುಕೊಂಡು ಹೋದೆ. ವಯಸ್ಸಾದ ವಕೀಲರು, ಮಾತಿಗೊಮ್ಮೆ ಕನ್ನಡಕ ಒರೆಸುವವರು. ಕಾಗದಗಳನ್ನು ಓದಿ ಮೊದಲು ನನ್ನ ಜೀವಕ್ಕೆ ತಂಪೆರೆದರು. ದೊಡ್ಡ ರಸ್ತೆಯಲ್ಲಿ ಹೊರಟ ಗಾಡಿಗೆ ಒಳರಸ್ತೆಯಿಂದ ಬರುವವನು ನಿಂತು ದಾರಿ ಬಿಡಬೇಕು. ಅವನು ಬಿಡಲಿಲ್ಲ, ತಪ್ಪು ಅವನದು. ಲೈಸನ್ಸ್ ಮುಗಿದಿದ್ದರೆ ಅದು ಬೇರೆ ಗುನ್ನೆ, ಅಷ್ಟಕ್ಕೇ ಡಿಕ್ಕಿಯ ತಪ್ಪು ನಮ್ಮದಾಗುವುದಿಲ್ಲ. ಗಾಯಕ್ಕೆ ಪರಿಹಾರ ಬೇಕೆಂದರೆ ಅವನ ಗಾಡಿಯ ವಿಮೆಯ ಮೇಲೆ ಕ್ಲೇಮ್ ಅರ್ಜಿ ಹಾಕಬಹುದು, ತಡ ಮಾಡಬಾರದು. ಇಷ್ಟು ಹೇಳಿ ಕನ್ನಡಕ ಒರೆಸಿದರು.

"ಆದ್ರ ಈ ಬ್ರೇಕ್ ಯಾಕ ಬರಸಿದ್ರಿ ಸರ? ಅಂವ ಇದನ್ನ ಹಿಡದು ಅರ್ಧ ತಪ್ಪು ನಿಮ್ಮ ಕೊರಳಿಗೆ ಕಟ್ಟತಾನ. ನಿಮ್ಮ ಗಾಡಿ ರಿಪೇರಿ ವಿಮಾ ಬ್ಯಾರೆ ಐತಿ. ಲೈಸನ್ಸ್ ಇಲ್ಲದವರು ಹೊಡ್ಯಾಕತ್ತಿದ್ರು ಅಂದ್ರ ಕಂಪನಿ ಕೈ ತೊಳಕೋತೈತಿ."

"ಗಾಡಿ ನಾ ಹೊಡ್ಯಾಕತ್ತಿದ್ನಿರಿ," ಎಂದೆ.

ವಕೀಲರು ನನ್ನ ಗಂಡನ ಕಡೆ ತಿರುಗಿದರು. ನನ್ನ ಗಂಡ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. ವಕೀಲರು ದವಾಖಾನೆಯ ಸರ್ಟಿಫಿಕೇಟನ್ನು ಇನ್ನೊಮ್ಮೆ ಓದಿದರು, ನನ್ನ ಮೊಬೈಲಿನ ಫೋಟೋ ನೋಡಿದರು. "ಬಡದದ್ದು ಎಡಗಡಿ ಬಾಗಲಾ. ಮುರದದ್ದು ಎಡಭುಜ. ಅಕ್ಕೋರಿಗೆ ಗೀರಿಲ್ಲ. ನಿಮ್ಮ ಎಲುಬು ಖರೆ ಹೇಳಾಕತ್ತಾವ, ನೀವ್ಯಾಕ ಸುಳ್ಳ ಹೇಳಾಕತ್ತೀರಿ?" ಎಂದು ನಕ್ಕರು. ನಗು ನಿಂತ ಮೇಲೆ ಹೇಳಿದ್ದು ನಗುವ ಮಾತಾಗಿರಲಿಲ್ಲ. ಠಾಣೆಗೆ ಹೋಗಿ ಪುರವಣಿ ಹೇಳಿಕೆ, ಅಂದರೆ ಮೊದಲು ಹೇಳಿದ್ದನ್ನು ತಿದ್ದಿ ಮತ್ತೊಮ್ಮೆ ಹೇಳುವ ಹೇಳಿಕೆ, ಕೊಡಬೇಕು. ಪೊಲೀಸರು ಬೈಯುತ್ತಾರೆ, ಸುಳ್ಳು ಬರೆಸಿದ್ದಕ್ಕೆ ಅವರು ಕೇಸನ್ನೂ ಮಾಡಬಹುದು. ನಾಳೆ ಕೋರ್ಟಿನಲ್ಲಿ ಎದುರಿನ ವಕೀಲರು ಎಲ್ಲರ ಮುಂದೆ, ಆಗ ಹೇಳಿದ್ದು ಸುಳ್ಳೋ ಈಗ ಹೇಳುವುದು ಸುಳ್ಳೋ ಎಂದು ಕೇಳಿಯೇ ಕೇಳುತ್ತಾರೆ. ಆದರೂ ತಡವಾದಷ್ಟೂ ಕೆಟ್ಟದ್ದು.

"ನಾ ಒಬ್ಬಾಕಿನ ಹೋಗಿ ಹೇಳಿದ್ರ?"

"ಗಂಡ ಒಂದು, ಹೆಂಡ್ತಿ ಒಂದು ಹೇಳಿದ್ರ ಎದುರಿನ ವಕೀಲ ಆವತ್ತು ಮನ್ಯಾಗ ಹೋಳಿಗಿ ಮಾಡಸ್ತಾನರಿ. ಇವರ ಬಾಯಿಲೇ ಬರಬೇಕು. ಇಲ್ಲಾ ಬ್ಯಾರೆ ಪುರಾವೆ ಬೇಕು."

ಬೇರೆ ಪುರಾವೆ ಹುಡುಕಿಕೊಂಡು ಅಮೀನಗಡಕ್ಕೆ ಹೋದೆ. ಆ ಕರದಂಟಿನ ಅಂಗಡಿಯ ಮಾಡಿಗೆ ರಸ್ತೆಯತ್ತ ಮುಖ ಮಾಡಿದ ಕ್ಯಾಮೆರಾ ಇರುವುದು ನೆನಪಿತ್ತು. ಅಂಗಡಿಯವನು ಸಂಕೋಚದಿಂದ, "ಅದರಾಗ ವಾಯರ್ ಇಲ್ರಿ ಅಕ್ಕಾರ. ಮಂದಿ ಅಂಜಲಿ ಅಂತ ಕುಂದ್ರಿಸೇವಿ" ಎಂದ. ಮದುವೆಯ ವಿಡಿಯೋ ಮಾತ್ರ ಸ್ವಚ್ಛವಾಗಿತ್ತು. ಸ್ಟೇರಿಂಗ್ ಹಿಡಿದು, ತೋರುಬೆರಳೆತ್ತಿ ನೆಂಟರಿಗೆ ಹೋಗಿಬರುತ್ತೇನೆ ಎನ್ನುವ ನನ್ನ ಗಂಡ ಅದರಲ್ಲಿ ವರನಿಗಿಂತ ಚೆಂದ ಕಾಣುತ್ತಿದ್ದರು. ಅಷ್ಟು ವರ್ಷ ಊರೂರಿನ ಗಿಡದ ಕೆಳಗೆ ಇಳಿದು ಹತ್ತಿ ಕಷ್ಟಪಟ್ಟಿದ್ದಕ್ಕೆ ಸಾಕ್ಷಿಗಳು ಬೇಕಾದಷ್ಟಿದ್ದರು. ಎಲ್ಲರೂ ತಾವು ಕಂಡದ್ದನ್ನೇ ಹೇಳುವವರು, ಎಲ್ಲರೂ ಅವರ ಪರ.

"ಹೋಗಿ ಹೇಳಿ ಬರೂಣು ನಡೀರಿ," ಎಂದು ದಿನಾ ಹೇಳಿದೆ. "ನಾಲ್ಕ್ ಮಂದಿ ಮುಂದ ಒಂದ್ ಮಾತಾಡೇನಿ. ಈಗ ಹೋಗಿ ನಾ ಮಲಗಿದ್ನಿರಿ ಅನ್ಲ್ಯಾ?" ಎಂದು ದಿನಾ ಕೇಳಿದರು. ಗ್ರಾನೈಟ್ ಮಾಲೀಕ ರಾಜಿಗೆ ಬಂದಿದ್ದಾನಲ್ಲ, ಬಿಟ್ಟುಬಿಡೋಣ ಎಂದರು. ಬಿಡುವುದೇನು ಎಂದು ನನಗೆ ಮೈ ಉರಿಯಿತು. ನಡುರಸ್ತೆಯಲ್ಲಿ ಜೀವಮಾನದಲ್ಲಿ ಒಮ್ಮೆ ನಾನು ಮಾಡಬೇಕಾದ್ದನ್ನು ಸರಿಯಾಗಿ ಮಾಡಿದ್ದೆ. ಅದು ಕಾಗದದಲ್ಲಿ ಅವರದಾಗಿ ಹೋಗಿತ್ತು, ಅದೂ ತಪ್ಪು ತಪ್ಪಾಗಿ. ಸಿಟ್ಟಿಗೆ ಆ ವಾರ ಅವರಿಗೆ ಚಪಾತಿ ಹರಿದು ಕೊಡಲಿಲ್ಲ. ಒಂದೇ ಕೈಯಲ್ಲಿ ಹೆಣಗಾಡಿ ತಿಂದರು.

ಆಮೇಲೆ ಬಾದಾಮಿಯಿಂದ ಅವರ ಅಕ್ಕ ಬಂದರು. ತಮ್ಮನ ಪಟ್ಟಿ ಕಟ್ಟಿದ ಭುಜ ಸವರಿ ಕಣ್ಣೀರು ತೆಗೆದರು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಹೊರಗೆ ಕಥೆ ಶುರುವಾಯಿತು. ಗಾಡಿ ಬಂತು, ಬ್ರೇಕ್ ಬಿತ್ತು. ಅಕ್ಕ, "ಪಾಪ, ಈಕಿ ಭಾಳ ಹೆದರಿರಬೇಕು" ಎಂದರು.

"ಹೆದರೂದೇನ್ ಬಂತು, ಆಕಿ ಮಲಗಿದ್ಲು," ಎಂದರು ನನ್ನ ಗಂಡ.

ನನ್ನ ಸ್ಟೇರಿಂಗ್ ತೆಗೆದುಕೊಂಡಿದ್ದರು, ಇರಲಿ. ತಮ್ಮ ನಿದ್ದೆಯನ್ನೂ ನನ್ನ ತಲೆಗೆ ಕಟ್ಟಿದರು. ಚಹಾದ ತಟ್ಟೆ ಹಿಡಿದು ಹೊರಗೆ ಬಂದು, ಅದನ್ನು ಕುಕ್ಕಿದ ಸದ್ದಿಗೆ ಅಕ್ಕ ಬೆಚ್ಚಿ ನೋಡಿದರು.

"ಆ ಗಾಡಿ ಬಣ್ಣ ಯಾವುದಿತ್ರಿ?" ಎಂದು ಕೇಳಿದೆ.

"ಬಿಳಿ."

"ಬೂದಿ ಬಣ್ಣ. ಎದುರು ಏನ್ ಬರಾಕತ್ತಿತ್ತು?"

"ಲಾರಿ..."

"ಏನೂ ಬರಾಕತ್ತಿರಲಿಲ್ಲ. ಬಂದಿದ್ರ ನಾ ಬಲಕ್ಕ ಹೊಳ್ಳತಿರಲಿಲ್ಲ. ಬ್ರೇಕ್ ಹೊಡದೆ, ಬ್ರೇಕ್ ಹೊಡದೆ ಅಂತ ಮನಿಗೆ ಬಂದ ಮಂದಿಗೆಲ್ಲ ಹೇಳಾಕತ್ತೀರಲ್ಲ. ನಾ ಬ್ರೇಕ್ ಹೊಡ್ದಿಲ್ಲ. ಹೊಡದಿದ್ರ ಆ ಗಾಡಿ ಮೂತಿ ನೇರ ನಿಮ್ಮ ಪಕ್ಕಡಿ ಎಲುಬಿಗೆ ಬರ್ತಿತ್ತು. ನಿಮ್ಮನ್ನ ದಾಟಿಸಬೇಕಂತ ಅಕ್ಸಿಲರೇಟರ್ ಒತ್ತೀನಿ. ನೀವು ಎದ್ದು ಕುಂತು ಸುಳ್ಳ ಹೇಳಾಕತ್ತೀರಿ ಅಂದ್ರ ನಾ ಅದನ್ನ ಒತ್ತಿದ್ದಕ್ಕ."

ಫೋಟೋ ತೆಗೆದು ಮುಂದೆ ಹಿಡಿದೆ. ಮುಂದಿನ ಬಾಗಿಲಿನ ಹಿಂದಿನ ಅಂಚಿನಿಂದ ಶುರುವಾಗಿ ಹಿಂದಿನ ಬಾಗಿಲು ಪೂರ್ತಿ ಒಳಗೆ ಹೋಗಿತ್ತು. ನಮ್ಮ ಹಿಂದಿನ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಬೀಳುವ ಟೈರಿನ ಕರಿಗೆರೆ ಇರಲಿಲ್ಲ. ಅವರು ಆ ಫೋಟೋಗಳನ್ನು ಮೊದಲ ಸಲ ನೋಡಿದ್ದು ಆಗ. ಹಿಂದಿನ ಬಾಗಿಲಿನಿಂದ ತಮ್ಮ ಸೀಟಿಗೆ ಎಷ್ಟು ಅಂತರ ಎಂದು ಬಲಗೈ ಬೆರಳಿನಿಂದ ತೆರೆಯ ಮೇಲೆ ಅಳೆದಂತೆ ಮಾಡಿದರು. ಅಂತರವೇನೂ ಇರಲಿಲ್ಲ. ಅಕ್ಕ ಮಾತ್ರ ತಮ್ಮನಿಗೆ, "ನೀ ಮಲಗಿದ್ಯಾ?" ಎಂದು ಕೇಳಿದರು. ಅವರ ದನಿಯಲ್ಲಿ ಅಪಘಾತಕ್ಕಿಂತ ದೊಡ್ಡದೊಂದು ಆಗಿಹೋದ ದುಃಖವಿತ್ತು.

ರಾತ್ರಿ ಊಟಕ್ಕೆ ಕೂತಾಗ ಅವರು, "ನನಗ ಮೊದಲ ಯಾಕ ಹೇಳಲಿಲ್ಲ?" ಎಂದರು.

"ನೀವು ಕೇಳಲಿಲ್ಲ," ಎಂದೆ.

ಎರಡು ದಿನ ಕಳೆದು ಬೆಳಗ್ಗೆ ಅವರು ತಾವೇ ಇಸ್ತ್ರಿ ಅಂಗಿಯನ್ನು ಒಂದೇ ಕೈಯಲ್ಲಿ ಏರಿಸಿಕೊಳ್ಳುತ್ತ ನಿಂತಿದ್ದರು. ಕಾರು ಗ್ಯಾರೇಜಿನಲ್ಲಿತ್ತು, ಇಳಕಲ್ ಬಸ್‌ಸ್ಟ್ಯಾಂಡಿನಿಂದ ಬಸ್ಸಿಗೆ ಅಮೀನಗಡದ ಠಾಣೆಗೆ ಹೋದೆವು. ಹುನಗುಂದ ದಾಟುವಾಗ ಒಮ್ಮೆ, "ಭಾಳ ಮಂದಿ ಇರತಾರೇನು ಠಾಣಾದಾಗ?" ಎಂದು ಕೇಳಿದರು. ಇರುವುದಿಲ್ಲ ಎಂದೆ. ಇದ್ದರು.

ಠಾಣೆಯ ಸಾಹೇಬರು ವಯಸ್ಸಿನಲ್ಲಿ ನಮಗಿಂತ ಚಿಕ್ಕವರು. ವಕೀಲರು ಮೊದಲೇ ಫೋನ್ ಮಾಡಿದ್ದರು. ಅದೇ ಹವಾಲ್ದಾರರು ಹಾಳೆ ಮುಂದಿಟ್ಟುಕೊಂಡು ಕೂತರು. ಇನ್ಯಾವುದೋ ಹೊಲದ ಜಗಳಕ್ಕೆ ಬಂದಿದ್ದ ಆರೇಳು ಮಂದಿ ಗೋಡೆಗೆ ಒರಗಿ, ನಮ್ಮ ಕಥೆ ತಮ್ಮದಕ್ಕಿಂತ ಚೆನ್ನಾಗಿರಬಹುದು ಎಂಬ ಆಸೆಯಿಂದ ಕಿವಿಗೊಟ್ಟರು.

"ಮೊದಲ ಬರಸಿದ್ದು ಸುಳ್ಳೇನ್ರಿ?" ಎಂದು ಸಾಹೇಬರು ಕೇಳಿದರು.

"ಹೌದ್ರಿ. ಗಾಡಿ ಹೊಡ್ಯಾಕತ್ತಿದ್ದು ನಾ ಅಲ್ಲ, ನನ್ನ ಹೆಂಡ್ತಿ."

"ಸರಕಾರಿ ನೌಕರಿ ಮಾಡೂ ಮನುಷ್ಯಾರು. ಯಾಕ ಸುಳ್ಳ ಹೇಳಿದ್ರಿ?"

ಮನೆತನ, ಠಾಣೆಯ ಮೆಟ್ಟಿಲು, ಹೆಣ್ಣುಮಕ್ಕಳ ತ್ರಾಸು ಎಲ್ಲ ಬರುತ್ತದೆ ಎಂದು ಕಾದೆ. ಅವರು ಪಟ್ಟಿ ಕಟ್ಟಿದ ಕೈಯನ್ನು ನೋಡಿಕೊಳ್ಳುತ್ತ, "ನಾಚಿಕಿ ಆತ್ರಿ" ಎಂದರು.

ಗೋಡೆಯ ಕಡೆ ಯಾರೋ ಕಿಸಕ್ಕೆಂದರು. ನನ್ನ ಗಂಡನ ಕಿವಿ ಕೆಂಪಾಯಿತು. ಬಸ್ಸಿನಲ್ಲಿ ಬರುವಾಗ, ಅವರಿಗೆ ಇನ್ನಷ್ಟು ನಾಚಿಕೆಯಾಗಲಿ ಎಂದು ಮನಸ್ಸಿನಲ್ಲೇ ಹಾರೈಸಿದ್ದೆ. ಆದ ಮೇಲೆ ನೋಡಲು ನನ್ನಿಂದ ಆಗಲಿಲ್ಲ.

ಸಾಹೇಬರು ಗೋಡೆಯ ಕಡೆ ಒಮ್ಮೆ ದುರುಗುಟ್ಟಿ ನೋಡಿ, ಹಳೆಯ ಹೇಳಿಕೆಯ ಮೇಲೆ ಬೆರಳಿಟ್ಟರು. "ಇಲ್ಲಿ ಬ್ರೇಕ್ ಹಾಕಿದೆ ಅಂತ ಐತಿ. ಕೇಸು ಇದರ ಮ್ಯಾಲ ನಿಂತೈತಿ. ಸರಿಯಾಗಿ ಹೇಳ್ರಿ. ಬ್ರೇಕ್ ಹಾಕಿದ್ರೋ, ಇಲ್ಲೋ?"

ನನ್ನ ಗಂಡನಿಗೆ ಈಗ ಉತ್ತರ ಗೊತ್ತಿತ್ತು. ನಾನೇ ಹೇಳಿದ್ದೆ, ಫೋಟೋ ಹಿಡಿದು ತೋರಿಸಿದ್ದೆ. ಒಂದು ವೇಳೆ ಅವರೇ ಹೇಳಿಬಿಟ್ಟಿದ್ದರೂ ಹವಾಲ್ದಾರರು ಬರೆದುಕೊಳ್ಳುತ್ತಿದ್ದರು, ಕೆಲಸ ಮುಗಿಯುತ್ತಿತ್ತು.

"ನನಗ ಗೊತ್ತಿಲ್ರಿ. ನಾ ಮಲಗಿದ್ದೆ," ಎಂದರು. "ಆಕಿನ್ನ ಕೇಳ್ರಿ."

ಹವಾಲ್ದಾರರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. ಇಡೀ ಬೇಸಿಗೆ ಮಾತುಗಳನ್ನು ಮಸೆದು ಇಟ್ಟುಕೊಂಡಿದ್ದೆ. ಈ ಹವಾಲ್ದಾರರಿಗೆ, ಆ ಟವೆಲ್ಲಿನ ಹಿರಿಯನಿಗೆ, ಸೇಬು ತಂದವನಿಗೆ, ಎಲ್ಲರಿಗೂ ಒಂದೊಂದು ತಯಾರಿತ್ತು. ಒಂದೂ ಬಾಯಿಗೆ ಬರಲಿಲ್ಲ. ಅಷ್ಟೂ ಮಂದಿಯ ಎದುರು ಕಣ್ಣೀರು ಇಳಿಯಿತು. ಈಗ ಇವರು ಗಾಬರಿ ಎಂದು ಬರೆದುಕೊಳ್ಳುತ್ತಾರೆ ಎಂದು ಅಂಜಿದೆ. ಹವಾಲ್ದಾರರು ಹಾಗೇನೂ ಬರೆಯಲಿಲ್ಲ, ಪೆನ್ನು ಹಿಡಿದು ಕಾದರು.

"ಗಾಡಿ ನಾ ಹೊಡ್ಯಾಕತ್ತಿದ್ದೆ," ಎಂದೆ.

ಅವರು ತಲೆ ತಗ್ಗಿಸಿ ಬರೆಯತೊಡಗಿದರು.